ಪ್ಲೇಗ್ ಬಂದಾಗ ಮದನ್‌ಪುರದ ಮನೆಗಳು

ಮುಂಬಯಿಯ ಮದನ್‌ಪುರದ ಹೆಸರು ನೀವು ಕೇಳಿರಬಹುದು. 1857ರ ನಂತರ ಉತ್ತರ ಹಿಂದೂಸ್ತಾನದಿಂದ ಬಂದ ಮೋಮಿನ್ ನೇಕಾರರು, ಅಂದರೆ ಜುಲಾಹರು, ನೆಲೆಯೂರಿದ ಮೊಹಲ್ಲಾ ಅದು. ಒಂದೇ ಖೋಲಿ. ಅದರಲ್ಲೇ ಮಗ್ಗ, ಒಲೆ, ಮಕ್ಕಳ ಹಾಸಿಗೆ ಎಲ್ಲಾ. ಇದನ್ನ ಮನಸ್ಸಲ್ಲಿಟ್ಟುಕೊಂಡು ಮುಂದೆ ಓದಿ.

1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿ ಬಂದರಿನ ಹತ್ತಿರ ಡಾ. ಅಕಾಸಿಯೊ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಅದೇ ವರ್ಷ ದಖ್ಖನಿನಲ್ಲಿ ಮಳೆ ಕೈಕೊಟ್ಟು ಬರಗಾಲ ಬಂದಿತ್ತು, ಧಾನ್ಯದ ಬೆಲೆ ಏರಿತ್ತು. ಎಂಟು ಲಕ್ಷ ಜನರ ಊರಿನಿಂದ ಕೆಲವೇ ತಿಂಗಳಲ್ಲಿ ಮೂರೂವರೆ ಲಕ್ಷಕ್ಕಿಂತ ಹೆಚ್ಚು ಜನ ಓಡಿಹೋದರು. ಹೋದವರ ಕಷ್ಟ ಒಂದು ಥರ. ಗಿರಣಿಯಲ್ಲಿ ಸಂಬಳ ತಿಂಗಳು ಕಳೆದ ಮೇಲೆ ಕೊಡುವ ಪದ್ಧತಿ, ಬಿಟ್ಟು ಹೋದರೆ ದುಡಿದದ್ದೂ ಹೋಯಿತು. ಉಳಿದವರಿಗೆ ಮಾತ್ರ ಸ್ವಲ್ಪ ದಿನ ಕಾಲ ತಿರುಗಿತು. ಆಳು ಸಿಗದೆ ಗಿರಣಿ ಮಾಲೀಕರು ಬೀದಿಯ ಮೂಲೆಗಳಲ್ಲಿ ನಿಂತು ಕೂಲಿ ಏರಿಸಿ ಕರೆದರು, ದಿನದ ದುಡ್ಡು ದಿನಕ್ಕೇ ಕೊಟ್ಟರು. ಜನ ಮರಳಿದ ಮೇಲೆ ಆ ಭಾಗ್ಯವೂ ಮುಗೀತು.

ನೇಕಾರನಿಗೆ ಅಷ್ಟೂ ಇರಲಿಲ್ಲ. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. (2020ರಲ್ಲಿ ನಮ್ಮ ಲಾಕ್‌ಡೌನ್ ದಿನಗಳಲ್ಲೂ ಇದೇ ಕಾಯ್ದೆಯನ್ನೇ ಹೊರತೆಗೆದರು ನೋಡಿ!) ತಪಾಸಣೆಯವರು ಮನೆಗೆ ನುಗ್ಗೋದು, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಕ್ಯಾಂಪಿಗೂ ಸಾಗಿಸೋದು, ಬಟ್ಟೆ-ಕೌದಿ ಸುಡೋದು ನಡೀತು. ಗಿರಣಿ ಕಾರ್ಮಿಕ ಕ್ಯಾಂಪಿಗೆ ಹೋದರೂ ಗಿರಣಿ ನಿಂತಿರುತ್ತೆ. ನೇಕಾರ ಹೋದರೆ ಮಗ್ಗವೇ ನಿಲ್ಲುತ್ತೆ. ಹಾಕಿದ ನೂಲಿನ ಸಾಲ ಮಾತ್ರ ನಿಲ್ಲೋದಿಲ್ಲ.

1898ರ ಮಾರ್ಚ್ 9ರಂದು ಮದನ್‌ಪುರದಲ್ಲಿ ಜುಲಾಹ ಮನೆತನದ ಕಾಯಿಲೆಯ ಹುಡುಗಿಯೊಬ್ಬಳನ್ನು ಒಯ್ಯಲು ಬಂದಾಗ ಜನ ತಡೆದರು. ಗಲಭೆಯಾಯಿತು, ಗುಂಡು ಹಾರಿತು, ಜೀವಗಳು ಹೋದವು. ಇದನ್ನು ಪರ್ದಾದ ಪ್ರಶ್ನೆ, ಮೂಢನಂಬಿಕೆ ಅಂತ ಬರೆದವರುಂಟು. ಪರ್ದಾ, ಮರ್ಯಾದೆಯ ನೋವು ಇದ್ದದ್ದು ನಿಜ. ಆದರೆ ನನಗನ್ನಿಸೋದು, ಹೊಟ್ಟೆಯ ಪ್ರಶ್ನೆಯೂ ಅಷ್ಟೇ ಇತ್ತು. ಮುಸ್ಲಿಮರು ವೈದ್ಯವನ್ನೇ ವಿರೋಧಿಸಿದರು ಅನ್ನೋದಂತೂ ಪೂರ್ತಿ ಸತ್ಯ ಅಲ್ಲ. ಹಾಫ್ಕಿನ್ ಅವರ ಲಸಿಕೆಯನ್ನು ಮೂರನೇ ಆಗಾಖಾನರು ಎಲ್ಲರೆದುರು ಚುಚ್ಚಿಸಿಕೊಂಡು ತಮ್ಮ ಜಮಾತಿಗೆ ಧೈರ್ಯ ತುಂಬಿದ್ದರು. ಮೇಲಾಗಿ ಜುಲಾಹರಿಗಿಂತ ಮೊದಲೇ, 1896ರ ಅಕ್ಟೋಬರ್‌ನಲ್ಲಿ, ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದ್ದರು. ಭಯಕ್ಕೆ ಜಾತಿ-ಮಜಹಬ್ ಎಲ್ಲಿಯದು?

ರೈಲಿನ ಜೊತೆ ರೋಗ ಹುಬ್ಬಳ್ಳಿಗೂ, 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಬಂತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಮುಂಬಯಿಯಲ್ಲಿ ಅದೇ ವರ್ಷ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಗಾಳಿ-ಬೆಳಕು ತರೋದು ಅದರ ಉದ್ದೇಶ, ಅದನ್ನು ಅಲ್ಲಗಳೆಯಲಾರೆ. ಆದರೆ ಮೊದಲು ಕೆಡವಿದ್ದು ಮದನ್‌ಪುರದ ಪಕ್ಕದ ನಾಗಪಾಡದ ಮನೆಗಳನ್ನು. ಕೆಲಸದ ಜಾಗ ಬಿಟ್ಟು ದೂರ ಹೋಗಲಾಗದ ಬಡವರು ಅಕ್ಕಪಕ್ಕದ ಚಾಳುಗಳಲ್ಲೇ ತುಂಬಿಕೊಂಡರು, ಮೊದಲೇ ಇಕ್ಕಟ್ಟಾಗಿದ್ದ ಖೋಲಿಗಳಲ್ಲಿ.