ಊರೇ ಸಾಕ್ಷಿಯಾಗಿದ್ದ ಲಗ್ನಗಳು

ಬಳ್ಳಾರಿ ಜಿಲ್ಲೆಗೆ ಮದುವೆ ನೋಂದಣಿಯ ರೂಢಿ ಬಂದದ್ದು ಕಾನೂನಿನ ಅಂಜಿಕೆಯಿಂದಲ್ಲ, ವೀಸಾದ ದೆಸೆಯಿಂದ. ನನ್ನ ಜಾಬ್ ಟೈಪಿಂಗ್ ಅಂಗಡಿಯ ಬೆಂಚಿನ ಮೇಲೆ ಬಂದು ಕೂತವರನ್ನು ಇಷ್ಟು ವರ್ಷ ನೋಡಿ ಈ ಮಾತು ಹೇಳುತ್ತಿದ್ದೇನೆ. ಕಾನೂನಿಗೇನೂ ಕೊರತೆ ಇರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಕಲಮಿನಲ್ಲೇ ನೋಂದಣಿಗೆ ಅವಕಾಶವಿತ್ತು. 1976ರಲ್ಲಿ ಕರ್ನಾಟಕ ತನ್ನದೇ ಕಾಯ್ದೆ ಮಾಡಿತು. 2006ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ಎಲ್ಲ ಮದುವೆಗಳ ನೋಂದಣಿ ಕಡ್ಡಾಯ ಆಗಬೇಕೆಂದು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಆದರೂ ಸಿರುಗುಪ್ಪದ ರೈಸ್ ಮಿಲ್ಲಿನವರಾಗಲಿ, ಕುರುಗೋಡಿನ ಒಕ್ಕಲಿಗರಾಗಲಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುತ್ತಿದ್ದದ್ದು ಹೊಲ ಮನೆಯ ಪತ್ರಕ್ಕೆ ಮಾತ್ರ. ಮದುವೆಯ ಸಲುವಾಗಿ ಹೋಗುತ್ತಿದ್ದವರು ಎರಡೇ ತರದವರು. ಮನೆ ಬಿಟ್ಟು ಓಡಿಹೋಗಿ ಮದುವೆಯಾದವರು, ದೇಶ ಬಿಟ್ಟು ಹೋಗಬೇಕಾದವರು.

ನಮ್ಮಪ್ಪ ಅರ್ಜಿ ಬರೆಯುತ್ತಿದ್ದವರು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತಲ್ಲ, ಆ ಕಾಲದಲ್ಲಿ ಕಚೇರಿಯ ಮುಂದೆ ಮರದ ಪೆಟ್ಟಿಗೆ ಇಟ್ಟುಕೊಂಡು ಕೂತವರು. ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬರೆಯುತ್ತಿದ್ದರು, ಉರ್ದು ಓದುತ್ತಿದ್ದರು. ಬಗರ್‌ಹುಕುಂ, ಪೋಡಿ, ವಾರಸಾ, ಜೀವನಾಂಶ ಎಲ್ಲಕ್ಕೂ ಅರ್ಜಿ ಬರೆದಿದ್ದರು. ಆದರೆ ‘ಇವಳು ನನ್ನ ಹೆಂಡತಿ ಹೌದು’ ಎಂದು ರುಜುವಾತು ಮಾಡಲು ಯಾರೂ ಅವರ ಹತ್ತಿರ ಬಂದದ್ದಿಲ್ಲವಂತೆ. ಊರಿಗೆ ಊರೇ ಅಕ್ಷತೆ ಹಾಕಿದ ಮೇಲೆ ರುಜುವಾತು ಯಾರಿಗೆ ಬೇಕು?

ಬೇಕಾದದ್ದು ಸಮುದ್ರದ ಆಚೆಯವರಿಗೆ, ಅದೂ ನೂರು ವರ್ಷಕ್ಕಿಂತ ಹಿಂದೆಯೇ. 1913ರ ಮಾರ್ಚ್ 14ರಂದು ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತದ ನ್ಯಾಯಮೂರ್ತಿ ಸರ್ಲ್, ಬಾಯಿ ಮರಿಯಂ ಎಂಬಾಕೆಯ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟ. ಕ್ರೈಸ್ತ ವಿಧಿಯಲ್ಲಿ ಆಗದ, ಸರ್ಕಾರಿ ದಫ್ತರಿನಲ್ಲಿ ದಾಖಲಾಗದ ಮದುವೆಗೆ ಆ ದೇಶದಲ್ಲಿ ಮಾನ್ಯತೆ ಇಲ್ಲ ಎಂಬುದು ಅದರ ತಾತ್ಪರ್ಯ. ಒಂದೇ ದಿನದಲ್ಲಿ ಅಲ್ಲಿದ್ದ ಭಾರತೀಯ ಹೆಂಗಸರ ಮಾಂಗಲ್ಯಕ್ಕೆ ಬೆಲೆ ಇಲ್ಲದಾಯಿತು. ಗಾಂಧೀಜಿಯ ಸತ್ಯಾಗ್ರಹಕ್ಕೆ ಹೆಂಗಸರು ಇಳಿದದ್ದು ಈ ಸಿಟ್ಟಿನಲ್ಲಿ. ಆ ವರ್ಷ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಮೂರು ತಿಂಗಳ ಸಜೆಗೆ ಜೈಲಿಗೆ ಹೋದರು. 1914ರಲ್ಲಿ ಕಾನೂನು ತಿದ್ದುಪಡಿಯಾಗಿ ಆ ಮದುವೆಗಳಿಗೆ ಮಾನ್ಯತೆ ಸಿಕ್ಕಿತು.

ನನ್ನ ಕಸುಬಿಗೆ ಅದಕ್ಕಿಂತ ಮುಖ್ಯವಾದದ್ದು 1918ರ ಒಂದು ಠರಾವು. ಲಂಡನ್ನಿನ ಇಂಪೀರಿಯಲ್ ವಾರ್ ಕಾನ್ಫರೆನ್ಸಿನಲ್ಲಿ ಭಾರತದ ಪರವಾಗಿ ಎಸ್.ಪಿ. ಸಿನ್ಹಾ ಇದ್ದರು. ಕೆನಡಾದಂಥ ಬ್ರಿಟಿಷ್ ದೇಶಗಳಲ್ಲಿ ಆಗಲೇ ನೆಲೆಸಿದ ಭಾರತೀಯರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು ಎಂದು ಅಲ್ಲಿ ಒಪ್ಪಿಗೆಯಾಯಿತು. ಷರತ್ತು ಎರಡು: ಒಬ್ಬನಿಗೆ ಒಬ್ಬಳೇ ಹೆಂಡತಿ, ಅವಳು ಧರ್ಮಪತ್ನಿಯೇ ಎಂದು ಭಾರತ ಸರ್ಕಾರ ದೃಢೀಕರಿಸಬೇಕು. ನಾನು ಇವತ್ತು ಟೈಪು ಮಾಡುವ ಪ್ರತಿ ಅಫಿಡವಿಟ್ಟಿನ ಮೂಲ ಈ ಎರಡನೆಯ ಷರತ್ತಿನಲ್ಲಿದೆ ಎಂದು ನನ್ನ ಎಣಿಕೆ. ಹಾಗೆ ದೃಢೀಕರಿಸಬೇಕಾದ ಸರ್ಕಾರದ ಬಳಿ ಹೆಂಡತಿಯರ ಪಟ್ಟಿಯೇ ಇರಲಿಲ್ಲ ಎಂಬುದು ಬೇರೆ ಮಾತು.

ಕಾಗದ ಇಲ್ಲದ ಕಡೆ ಅನುಮಾನ ಮೈಮೇಲೆಯೇ ಬರುತ್ತದೆ. 1979ರ ಜನವರಿಯಲ್ಲಿ ಮದುವೆಯಾಗಲೆಂದು ಲಂಡನ್ನಿನ ಹೀಥ್ರೂದಲ್ಲಿ ಇಳಿದ 35 ವರ್ಷದ ಭಾರತೀಯ ಶಿಕ್ಷಕಿಯ ಕನ್ಯತ್ವ ಪರೀಕ್ಷೆ ಮಾಡಿದರು. ಫೆಬ್ರುವರಿ 1ರಂದು ‘ಗಾರ್ಡಿಯನ್’ ಪತ್ರಿಕೆ ಅದನ್ನು ಬಯಲು ಮಾಡಿತು. ಮದುವೆಯಾಗಲು ಬರುವವಳಿಗೆ ಪ್ರವೇಶ ಪತ್ರದ ಕಾಯುವಿಕೆ ಇರಲಿಲ್ಲ, ಈಗಾಗಲೇ ಹೆಂಡತಿಯಾದವಳಿಗೆ ಇತ್ತು. ಹೆಂಡತಿಯಾದವಳೇ ಮದುವೆಯಾಗಲು ಬಂದವಳೆಂದು ಹೇಳಿಕೊಂಡು ಬರುತ್ತಾಳೆಂಬ ಅನುಮಾನವಂತೆ ಅದು. ಸರದಿ ಉದ್ದವಾದಷ್ಟೂ ಸರದಿ ತಪ್ಪಿಸುತ್ತಾರೆಂಬ ಶಂಕೆಯೂ ಉದ್ದವಾಗುತ್ತದೆ, ಇದನ್ನು ನಾನು ಎಲ್ಲ ದೇಶದ ಫಾರಂಗಳಲ್ಲೂ ಕಂಡಿದ್ದೇನೆ.

ನಮ್ಮ ಕಡೆಗೆ ಹೊರದೇಶದ ಗಾಳಿ ಬೀಸಿದ್ದು ತಡವಾಗಿ. ಅಮೆರಿಕ 1917ರಲ್ಲಿ ಏಷ್ಯಾದವರಿಗೆ ಬಾಗಿಲು ಹಾಕಿತ್ತು. 1946ರಲ್ಲಿ ವರ್ಷಕ್ಕೆ 100 ಭಾರತೀಯರಿಗೆ ಕಿಂಡಿ ತೆರೆಯಿತು. ನಿಜವಾಗಿ ಬಾಗಿಲು ತೆಗೆದದ್ದು 1965ರ ಕಾನೂನು. ಆಗ ಹೋದವರು ಬೆಂಗಳೂರು ಮೈಸೂರಿನ ಡಾಕ್ಟರು, ಇಂಜಿನಿಯರು. ಸಿರುಗುಪ್ಪದ ಸುತ್ತ ಅದೇ ಕಾಲಕ್ಕೆ ಬೇರೆ ವಲಸೆ ನಡೆದಿತ್ತು. ತುಂಗಭದ್ರಾ ಕಾಲುವೆಯ ನೀರು ನೋಡಿಕೊಂಡು ಕರಾವಳಿ ಆಂಧ್ರದಿಂದ ರೈತರು ಬಂದು ಭೂಮಿ ಕೊಂಡು, ಭತ್ತ ಹಾಕಿ, ಕ್ಯಾಂಪುಗಳನ್ನು ಕಟ್ಟಿದರು. ಆ ಕ್ಯಾಂಪುಗಳ ಮೊಮ್ಮಕ್ಕಳೇ ಮುಂದೆ ಇಂಜಿನಿಯರಿಂಗ್ ಓದಿ ಎಚ್-1ಬಿ ಎಂಬ ಅಮೆರಿಕದ ಕೆಲಸದ ವೀಸಾ ಹಿಡಿದು ಹೊರಟವರು. ಅವರ ಹಿಂದೆ ಕನ್ನಡದ ಮನೆಗಳ ಹುಡುಗರು. 1990ರ ದಶಕದ ಕೊನೆಗೆ ನನ್ನ ಬೆಂಚಿನ ಮೇಲೆ ಹೊಸ ಮದುವಣಗಿತ್ತಿಯರು ಕಾಣಿಸಿಕೊಂಡರು, ಕೈಯ ಮೆಹಂದಿ ಇನ್ನೂ ಕೆಂಪಗಿರುತ್ತಿತ್ತು.

ಕೆಲಸ ಶುರುವಾಗುವುದು ಹೆಸರಿನಿಂದ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ಊರ ದೇವರು, ಹಾಗಾಗಿ ಮನೆಗೊಬ್ಬ ದೊಡ್ಡಬಸಪ್ಪ, ಒಬ್ಬಳು ದೊಡ್ಡಬಸಮ್ಮ. ಹುಡುಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕೆ. ದೊಡ್ಡಬಸಮ್ಮ’. ರೇಷನ್ ಕಾರ್ಡಿನಲ್ಲಿ ‘ದೊಡ್ಡಬಸವ್ವ’. ಆಧಾರಿನಲ್ಲಿ ‘ದೊಡ್ಡ’ ಬೇರೆ, ‘ಬಸಮ್ಮ’ ಬೇರೆ. ಲಗ್ನಪತ್ರಿಕೆಯಲ್ಲಿ ‘ಚಿ.ಕುಂ.ಸೌ. ಬಸಮ್ಮ ಉರುಫ್ ಬಿಂದು’. ‘ಕೆ’ ಅಂದರೆ ಏನು ಎಂದು ಪಾಸ್‌ಪೋರ್ಟಿನವರು ಕೇಳುತ್ತಾರೆ. ಕುರುಗೋಡು, ಊರ ಹೆಸರು. ಹಾಗಾದರೆ ಅದೇ ಮನೆತನದ ಹೆಸರು ಎಂದು ಬರೆಸಿದರೆ, ಮುಂದೆ ಅಮೆರಿಕದಲ್ಲಿ ಎಲ್ಲರೂ ಆಕೆಯನ್ನು ‘ಮಿಸೆಸ್ ಕುರುಗೋಡು’ ಎಂದು ಕರೆಯುತ್ತಾರೆ. ಬರೆಸದಿದ್ದರೆ ಇನ್ನೂ ಕಷ್ಟ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗುತ್ತದೆ, ಆಕೆಯ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಹೆಸರು ಗೊತ್ತಿಲ್ಲ ಎಂದರ್ಥ. ನಾಲ್ಕೂ ಹೆಸರು ಒಬ್ಬಳದೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿ ನೋಟರಿಯ ಸೀಲು ಹಾಕಿಸುವುದು ನಮ್ಮ ಪರಿಪಾಠ. ನಮ್ಮ ಬೀದಿಯ ಇನ್ನೊಬ್ಬ ಟೈಪಿಸ್ಟು ‘ಚಿ.ಕುಂ.ಸೌ.’ ಅನ್ನೂ ಹೆಸರೆಂದೇ ತಿಳಿದು ಇಂಗ್ಲಿಷಿಗೆ ಇಳಿಸಿದ್ದ. ಆ ಅರ್ಜಿ ತಿರುಗಿ ಬಂತು.

ಆಮೇಲೆ ಫೋಟೊ. ಧಾರೆ ಎರೆಯುವುದು, ತಾಳಿ ಕಟ್ಟುವುದು, ಸಪ್ತಪದಿ, ಎರಡೂ ಕಡೆಯ ತಂದೆತಾಯಿ ನಿಂತಿರುವುದು. ಹಿಂದೆ ಪೆನ್ಸಿಲಿನಲ್ಲಿ ಯಾರು ಯಾರೆಂದು ಬರೆಯಬೇಕು. ಜಾತ್ರೆಯ ಸಾಮೂಹಿಕ ವಿವಾಹದ ಫೋಟೊ ತಂದರೆ ಅದರಲ್ಲಿ ನೂರು ಜೋಡಿ, ನಮ್ಮ ಜೋಡಿಗೆ ಬಾಣದ ಗುರುತು ಹಾಕಿ ಕೊಟ್ಟದ್ದೂ ಉಂಟು.

ಸೋದರಮಾವನನ್ನು ಮದುವೆಯಾದವರದು ಬೇರೆಯೇ ಪಾಡು. ನಮ್ಮಲ್ಲಿ ಅಕ್ಕನ ಮಗಳನ್ನು ತರುವುದು ಹಕ್ಕಿನ ಸಂಬಂಧ, ರೂಢಿಯಿದ್ದರೆ ಹಿಂದೂ ವಿವಾಹ ಕಾಯ್ದೆಯೂ ಒಪ್ಪುತ್ತದೆ. ಮದುವೆ ನಡೆದ ಊರಿನಲ್ಲಿ ಅದು ಕಾಯ್ದೆಬದ್ಧವಾಗಿದ್ದರೆ ಅಮೆರಿಕದವರೂ ಸಾಮಾನ್ಯವಾಗಿ ಒಪ್ಪುತ್ತಾರೆ, ಆದರೆ ದಂಪತಿ ನೆಲೆಸಬೇಕಾದ ರಾಜ್ಯದ ಕಾನೂನು ಅಡ್ಡ ಬರಬಹುದು. ಕಿಟಕಿಯ ಆಚೆ ಕೂತ ಅಧಿಕಾರಿ ‘ಮದುವೆಗೆ ಮುಂಚೆ ನಿಮಗೂ ಅವರಿಗೂ ಏನು ಸಂಬಂಧ’ ಎಂದು ಕೇಳಿದರೆ, ‘ನಮ್ಮ ಮಾವ’ ಎಂದು ಹುಡುಗಿ ನಗುತ್ತಾ ಹೇಳುತ್ತಾಳೆ. ಅಲ್ಲಿಂದ ಫೈಲು ದಪ್ಪವಾಗುತ್ತದೆ. ಹೀಗಾಗಿ ಸಿರುಗುಪ್ಪದ ಒಬ್ಬ ಹಿರಿಯಾಕೆ ನನ್ನ ಮೇಲೇ ರೇಗಿದ್ದರು. “ಅಲ್ಲವ್ವಾ, ನನ್ನ ತಮ್ಮಗ ನನ್ನ ಮಗಳನ್ನ ಕೊಟ್ಟೀನಿ. ಊರಾಗ ಎಲ್ಲಾರೂ ಉಂಡು ಹೋಗ್ಯಾರ. ಆ ಬಿಳಿ ಮನುಷ್ಯಾಗ ಏನು ಡೌಟು?” ನಾನು, “ಅವನು ಊಟಕ್ಕೆ ಬಂದಿರಲಿಲ್ಲವಲ್ಲ ಅತ್ತಿ” ಎಂದೆ.

ಬಳ್ಳಾರಿಯ ಕೌಲ್ ಬಜಾರಿನ ಮುಸ್ಲಿಮರು ಉರ್ದು ನಿಕಾಹ್‌ನಾಮಾ ತರುತ್ತಾರೆ. 2023ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಮುಸ್ಲಿಂ ದಂಪತಿಗಳಿಗೆ ಮದುವೆ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ವಕ್ಫ್ ಮಂಡಳಿಗೆ ಕೊಟ್ಟಿತು. 2024ರ ನವೆಂಬರಿನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಆದವಾನಿ, ರಾಯದುರ್ಗದಿಂದ ಹೆಣ್ಣು ತಂದ ಮನೆಗಳಿಗೆ ಇನ್ನೊಂದು ತೊಡಕು. 1953ರ ತನಕ ಒಂದೇ ಜಿಲ್ಲೆಯಲ್ಲಿದ್ದ ಆ ಊರುಗಳು ಈಗ ಆಂಧ್ರದಲ್ಲಿವೆ, ಹುಡುಗಿಯ ಜನನ ಪತ್ರ ತೆಲುಗಿನಲ್ಲಿರುತ್ತದೆ.

ಕಾಗದ ಸರಿಯಾದ ಮೇಲೆ ಗುಂತಕಲ್ಲು. ಬಳ್ಳಾರಿಯಿಂದ ಅಲ್ಲಿಗೆ ಹೋಗಿ ರೈಲು ಬದಲಿಸುವುದು. ಎಚ್-1ಬಿಯವರ ಹೆಂಡತಿಯರು ಎಚ್-4 ಎಂಬ ಅವಲಂಬಿತರ ವೀಸಾಕ್ಕೆ ಮದ್ರಾಸಿನ ಜೆಮಿನಿ ಫ್ಲೈಓವರ್ ಪಕ್ಕದ ಅಮೆರಿಕದ ಕಾನ್ಸುಲೇಟಿಗೆ, ಕಾಯಂ ವೀಸಾದವರು ಬೊಂಬಾಯಿಗೆ. ಎರಡು ಗಾಡಿಯೂ ಒಂದೇ ಮೇನ್ ಲೈನಿನವು, ದಿಕ್ಕು ಮಾತ್ರ ಬೇರೆ. 2008ರಲ್ಲಿ ಹೈದರಾಬಾದಿನಲ್ಲಿ ಕಾನ್ಸುಲೇಟ್ ತೆರೆದಾಗ ನಮಗೆ ಹತ್ತಿರವಾಯಿತೆಂದು ಹಿಗ್ಗಿದೆವು. ಅದು ಆಂಧ್ರದವರ ಪಾಲಿಗೆ ಹೋಯಿತು, ಕರ್ನಾಟಕ ಚೆನ್ನೈಗೇ ಉಳಿಯಿತು. ಬೆಂಗಳೂರಿನ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿ 17ರಂದು, ವೀಸಾ ಕೊಡುವ ಕೆಲಸ ಆಗ ಅಲ್ಲಿ ಶುರುವಾಗಿರಲಿಲ್ಲ.

ಕಾಯುವ ಕಾಲದ ಲೆಕ್ಕ ವಿಚಿತ್ರ. ತಾತ್ಕಾಲಿಕ ಕೆಲಸದ ಎಚ್-1ಬಿ ಇರುವವನ ಹೆಂಡತಿಗೆ ವರ್ಷದ ಕೋಟಾ ಇಲ್ಲ, ಎಚ್-4 ಹಿಡಿದು ಬೇಗ ಹೋಗುತ್ತಾಳೆ. ಸಿಟಿಜನ್ ಆದವನ ಹೆಂಡತಿಗೂ ಕೋಟಾ ಇಲ್ಲ, ಕಡತ ಸಾಗುವಷ್ಟು ಕಾಲ ಮಾತ್ರ. ನಡುವೆ ಇರುವವನು ಗ್ರೀನ್ ಕಾರ್ಡಿನವನು. ಅವನ ಹೆಂಡತಿ ‘ಎಫ್2ಎ’ ಎಂಬ ಸರದಿಯಲ್ಲಿ ನಿಲ್ಲಬೇಕು, ತಿಂಗಳಿಗೊಮ್ಮೆ ಬರುವ ವೀಸಾ ಬುಲೆಟಿನ್ನಿನಲ್ಲಿ ತನ್ನ ತಾರೀಖು ಬಂತೇ ಎಂದು ನೋಡಬೇಕು. 1990ರ ದಶಕದಲ್ಲೂ ಆಮೇಲೂ ಆ ಸರದಿ ಎಷ್ಟೋ ವರ್ಷ ಹಿಂದೆ ಬಿದ್ದಿತ್ತು. 2000ದ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತೇ, ಮೂರು ವರ್ಷ ಕಾದವರಾದರೂ ಗಂಡನ ಬಳಿ ಹೋಗಿ ಉಳಿದದ್ದನ್ನು ಅಲ್ಲೇ ಕಾಯಲಿ ಎಂದು ‘ವಿ’ ವೀಸಾ ಮಾಡಬೇಕಾಯಿತು. 2019ರ ಜುಲೈಯಿಂದ ಸರದಿಯೇ ಇಲ್ಲದಂತಾಗಿತ್ತು, 2023ರ ಏಪ್ರಿಲಿನಲ್ಲಿ ಮತ್ತೆ ಶುರುವಾಯಿತು. ಗ್ರೀನ್ ಕಾರ್ಡ್ ಕೈಗೆ ಬರುವ ಮುಂಚೆ ಮದುವೆಯಾದರೆ ಹೆಂಡತಿ ಅದೇ ಕಡತದ ಮೇಲೆ ಹೋಗಬಹುದು, ಆಮೇಲಾದರೆ ಸರದಿ. ಇದು ಗೊತ್ತಾದಾಗಿನಿಂದ ಕ್ಯಾಂಪುಗಳಲ್ಲಿ ಮುಹೂರ್ತ ಇಡುವವರು ಪಂಚಾಂಗದ ಜೊತೆ ವಕೀಲರ ಇ-ಮೇಲನ್ನೂ ನೋಡುತ್ತಾರೆ.

ನಮ್ಮಲ್ಲಿ ಹೊಸ ಸೊಸೆಯನ್ನು ಆಷಾಢಕ್ಕೆ ತವರಿಗೆ ಕಳಿಸುತ್ತಾರೆ. ಆ ಅಗಲಿಕೆಗೆ ಒಂದು ಗೌರವ ಇದೆ, ಶ್ರಾವಣಕ್ಕೆ ಮುಗಿಯುತ್ತದೆ. ವೀಸಾದ ಆಷಾಢಕ್ಕೆ ಶ್ರಾವಣ ಯಾವಾಗಲೆಂದು ಯಾವ ಪುರೋಹಿತನೂ ಹೇಳಲಾರ. 2020ರ ಫೆಬ್ರುವರಿಯಲ್ಲಿ ಮದುವೆಯಾದ ಸಿರುಗುಪ್ಪದ ಕಡೆಯ ಒಬ್ಬ ಹುಡುಗಿ ನನಗೆ ನೆನಪಿದ್ದಾಳೆ. ಗಂಡ ಮೊದಲು ಹೋದ, ಮಾರ್ಚಿನಲ್ಲಿ ಕಾನ್ಸುಲೇಟುಗಳು ಮುಚ್ಚಿದವು, ಜೂನ್ 22ರಂದು ಟ್ರಂಪ್ ಎಚ್-1ಬಿ, ಎಚ್-4ಗಳನ್ನೇ ನಿಲ್ಲಿಸಿದರು, ಅದು ಮುಗಿದದ್ದು 2021ರ ಮಾರ್ಚ್ 31ಕ್ಕೆ. ಅತ್ತೆ ಮನೆಯಲ್ಲಿದ್ದರೆ ‘ಗಂಡ ಇಲ್ಲದೆ ಇಲ್ಲೇನು’ ಎಂದು, ತವರಲ್ಲಿದ್ದರೆ ‘ಇನ್ನೂ ಇಲ್ಲೇ ಅದೀಯೇನವ್ವಾ’ ಎಂದು ಕೇಳುವವರು. ಅವಳು ದಿನಾ ಬಂದು ನನ್ನ ಕಂಪ್ಯೂಟರಿನಲ್ಲಿ ಅಪಾಯಿಂಟ್‌ಮೆಂಟ್ ಹುಡುಕುತ್ತಿದ್ದಳು. ಮೊಬೈಲಿನಲ್ಲೂ ನೋಡಬಹುದಿತ್ತು, ಮನೆಯಿಂದ ಹೊರಗೆ ಬರಲು ಅದೊಂದು ನೆಪ. ಎಂ.ಟೆಕ್ ಓದಿದ್ದಳು, ಹೋದ ಮೇಲೂ ಕೆಲಸ ಮಾಡುವಂತಿರಲಿಲ್ಲ. ಎಚ್-4ನವರಿಗೆ ಕೆಲಸದ ಪರವಾನಗಿ 2015ರ ಮೇ 26ರಿಂದ ಇದೆಯಾದರೂ, ಗಂಡನ ಗ್ರೀನ್ ಕಾರ್ಡಿನ ಅರ್ಜಿ ಒಂದು ಹಂತ ದಾಟಿದ ಮೇಲೆ ಮಾತ್ರ.

ಬೇರೆ ದೇಶಗಳದು ದುಡ್ಡಿನ ಲೆಕ್ಕ. ಬ್ರಿಟನ್ನಿನಲ್ಲಿ ಹೆಂಡತಿಯನ್ನು ಕರೆಸುವವನ ವರ್ಷದ ಆದಾಯ 18,600 ಪೌಂಡ್ ಇರಬೇಕೆಂದು 2012ರಲ್ಲಿ ಮಾಡಿದರು, 2024ರ ಏಪ್ರಿಲಿನಲ್ಲಿ 29,000ಕ್ಕೆ ಏರಿಸಿದರು. ಗಲ್ಫಿಗೆ ಹೋದ ಕೌಲ್ ಬಜಾರಿನ ಮೇಸ್ತ್ರಿ, ಡ್ರೈವರುಗಳ ಹೆಂಡಂದಿರು ನನ್ನ ಅಂಗಡಿಗೆ ವೀಸಾಕ್ಕೆ ಬರುವುದೇ ಇಲ್ಲ. ಕುಟುಂಬ ಕರೆಸುವಷ್ಟು ಸಂಬಳ ಗಂಡನಿಗಿಲ್ಲ. ಕಾಯುವವರ ಲೆಕ್ಕ ಯಾರಾದರೂ ಬರೆದರೆ ಅವರನ್ನು ಮೊದಲು ಬರೆಯಬೇಕು, ಅವರಿಗೆ ಸರದಿಯ ನಂಬರೂ ಇಲ್ಲ.

2024ರ ಫೆಬ್ರುವರಿಯಿಂದ ಹಿಂದೂ ಮದುವೆಯ ನೋಂದಣಿ ಆನ್‌ಲೈನಿನಲ್ಲೇ ಆಗುತ್ತದೆ, ನನ್ನ ಅಂಗಡಿಗೆ ಬರುವ ಅಗತ್ಯವೂ ಇಲ್ಲ. ಆದರೂ ಹೆಣ್ಣು ಹೆತ್ತವರಿಗೆ ಒಂದು ಮಾತು: ಹೊರದೇಶದ ಗಂಡು ಬಂದಾಗ ಸಂಬಳ, ಜಾತಕ, ಮನೆತನ ಎಲ್ಲ ವಿಚಾರಿಸುತ್ತೀರಿ, ಸರಿ. ಅದರ ಜೊತೆಗೆ ಅವನ ಕೈಯಲ್ಲಿರುವುದು ಎಚ್-1ಬಿಯೋ, ಗ್ರೀನ್ ಕಾರ್ಡೋ, ಅಲ್ಲಿನ ಪಾಸ್‌ಪೋರ್ಟೋ ಎಂದೂ ಕೇಳಿ, ತಾಂಬೂಲ ಬದಲಿಸುವ ಮುಂಚೆಯೇ ಕೇಳಿ. ಮಗಳು ಎಷ್ಟು ಕಾಲ ತವರಲ್ಲಿ ಕೂರಬೇಕಾಗುತ್ತದೆ ಎಂಬುದಕ್ಕೆ ಉತ್ತರ ಆ ಕಾಗದದಲ್ಲಿದೆ.