ಯುದ್ಧ ಮುಗಿದರೂ ಮುಗಿಯದ ಬಂಧನ

ರಾಮನಗರ, ಚನ್ನಪಟ್ಟಣದ ಕಡೆಯ ರೇಷ್ಮೆ ಬೆಳೆಗಾರರು ಬೇಡಿಕೆ ಹೊತ್ತು ಬೆಂಗಳೂರಿಗೆ ಹೋದರೆ ಕೊನೆಗೆ ಕೂರುವುದು ಫ್ರೀಡಂ ಪಾರ್ಕಿನಲ್ಲಿ. ಶೇಷಾದ್ರಿ ರಸ್ತೆಯ ಆ ಜಾಗ ಹಿಂದೆ ಸೆಂಟ್ರಲ್ ಜೈಲಾಗಿತ್ತು. ಹಳೆಯ ಗೋಡೆಗಳೂ ಕಾವಲು ಗೋಪುರವೂ ಇನ್ನೂ ನಿಂತಿವೆ. ನಮ್ಮ ದೇಶದಲ್ಲಿ ಭದ್ರತೆ ಮತ್ತು ಸ್ವಾತಂತ್ರ್ಯದ ನಡುವೆ ನಡೆದ ಅತಿ ದೊಡ್ಡ ಕಾನೂನು ಜಗಳದ ಒಂದು ಎಳೆ ಶುರುವಾಗಿದ್ದು ಇದೇ ಗೋಡೆಗಳ ಒಳಗೆ.

1975ರ ಜೂನ್ 26ರಂದು ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಬೆಂಗಳೂರಿನಲ್ಲಿದ್ದರು. ಪಕ್ಷಾಂತರ ತಡೆ ಮಸೂದೆಯ ಸಂಸದೀಯ ಸಮಿತಿ ಸಭೆಗೆಂದು ಬಂದವರನ್ನು ಪೊಲೀಸರು ಇಲ್ಲೇ ಬಂಧಿಸಿದರು. ಬಳಸಿದ ಕಾನೂನು ಮೀಸಾ, ಅಂದರೆ ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆ.

ಈ ಕಾಯ್ದೆ ಹುಟ್ಟಿದ ಹೊತ್ತನ್ನು ಗಮನಿಸಬೇಕು. ಅದು ಬಂದದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ಮೋಡ ಕವಿದಿದ್ದಾಗ. ಅದೇ ವರ್ಷ ಡಿಸೆಂಬರ್ 3ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. 16ಕ್ಕೆ ಯುದ್ಧವೇ ಮುಗಿಯಿತು. ಘೋಷಣೆ ಮಾತ್ರ ಮುಗಿಯಲಿಲ್ಲ. 1975ರಲ್ಲಿ ಆಂತರಿಕ ತುರ್ತುಪರಿಸ್ಥಿತಿ ಹೇರಿದಾಗಲೂ ಅದು ಜಾರಿಯಲ್ಲೇ ಇತ್ತು. ತೆರವಾದದ್ದು 1977ರ ಮಾರ್ಚಿನಲ್ಲಿ. ಇದು ಮೊದಲ ಸಲವೇನಲ್ಲ. ಚೀನಾ ಯುದ್ಧಕ್ಕೆಂದು 1962ರ ಅಕ್ಟೋಬರಿನಲ್ಲಿ ಘೋಷಿಸಿದ ತುರ್ತುಪರಿಸ್ಥಿತಿ 1968ರ ಜನವರಿಯವರೆಗೆ ಎಳೆಯಿತು. ಒಂದು ತಿಂಗಳ ಯುದ್ಧಕ್ಕೆ ಐದು ವರ್ಷ ದಾಟಿದ ಅಧಿಕಾರ.

ನಮ್ಮ ಸೀಮೆಯ ಹಳೆಯ ಪ್ರಸಂಗವೊಂದನ್ನು ಇದರ ಪಕ್ಕ ಇಟ್ಟು ನೋಡಬಹುದು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಮಾಗಡಿಯ ಸಾವನದುರ್ಗವನ್ನು ಹಿಡಿಯಿತು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪುವಿನ ಇಬ್ಬರು ಮಕ್ಕಳು ಒತ್ತೆಯಾಳುಗಳಾಗಿ ಮದರಾಸಿಗೆ ಹೋದರು. ಮಕ್ಕಳನ್ನು ಒತ್ತೆ ಇಡಿಸಿಕೊಂಡದ್ದು ಕ್ರೌರ್ಯವೇ. ಆದರೂ ಆ ಬಂಧನಕ್ಕೆ ಬರಹದಲ್ಲಿ ಕಾರಣವಿತ್ತು, ಬಿಡುಗಡೆಗೆ ಷರತ್ತಿತ್ತು. ಷರತ್ತು ತೀರಿತು, 1794ರಲ್ಲಿ ಮಕ್ಕಳು ಮರಳಿದರು. 1975ರಲ್ಲಿ ಮೀಸಾಕ್ಕೆ ಸೇರಿಸಿದ 16ಎ ಸೆಕ್ಷನ್ ಅಷ್ಟನ್ನೂ ಉಳಿಸಲಿಲ್ಲ. ಏಕೆ ಹಿಡಿದಿದ್ದೇವೆ ಎಂದು ಬಂಧಿತರಿಗೆ ತಿಳಿಸುವ ಹೊಣೆಯೇ ಸರ್ಕಾರದ ಮೇಲಿಂದ ಇಳಿಯಿತು.

ಬೆಂಗಳೂರಿನ ಬಂಧಿತ ನಾಯಕರು ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಬಂಧಿಸಿದವರನ್ನು ಕೋರ್ಟಿನ ಮುಂದೆ ತಂದು ಬಂಧನ ಸರಿಯೇ ಎಂದು ತೋರಿಸಿ ಎನ್ನುವ ಅರ್ಜಿ ಅದು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ಕೋರ್ಟಿಗೆ ಹೋಗುವ ಅವಕಾಶವನ್ನು ರಾಷ್ಟ್ರಪತಿಗಳ ಆದೇಶ ಅಮಾನತಿನಲ್ಲಿಟ್ಟಿದೆ, ಆದ್ದರಿಂದ ಅರ್ಜಿ ನಿಲ್ಲುವುದಿಲ್ಲ ಎಂದು ಸರ್ಕಾರ ವಾದಿಸಿತು. ಹೈಕೋರ್ಟ್ ಇದನ್ನು ಒಪ್ಪಲಿಲ್ಲ. ಹಕ್ಕು ಅಮಾನತಿನಲ್ಲಿದ್ದರೂ ಬಂಧನದ ಆದೇಶ ಕಾನೂನಿನ ಪ್ರಕಾರ ಇದೆಯೇ ಎಂದು ನೋಡಲು ಅಡ್ಡಿಯಿಲ್ಲ ಎಂಬುದು ದೇಶದ ಒಂಬತ್ತು ಹೈಕೋರ್ಟುಗಳು ಹಿಡಿದ ದಾರಿ, ಕರ್ನಾಟಕದ್ದು ಅದರಲ್ಲೊಂದು. 1976ರಲ್ಲಿ ಹಲವು ಹೈಕೋರ್ಟ್ ನ್ಯಾಯಾಧೀಶರ ವರ್ಗಾವಣೆ ನಡೆದಾಗ ಇಲ್ಲಿಂದ ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೂ ಸದಾನಂದಸ್ವಾಮಿ ಗುವಾಹಟಿಗೂ ಹೋಗಬೇಕಾಯಿತು.

ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಎಡಿಎಂ ಜಬಲ್ಪುರ ಎಂದು ಹೆಸರಾದ ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಂದು ಪ್ರಶ್ನೆ ಕೇಳಿದರು: ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೆ? ಆಗಲೂ ಪರಿಹಾರವಿಲ್ಲ ಎಂದರು ಅಟಾರ್ನಿ ಜನರಲ್ ನಿರೇನ್ ಡೇ. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ತೀರ್ಪಿತ್ತರು, ಖನ್ನಾ ಒಬ್ಬರೇ ವಿರುದ್ಧ. ಜೀವದ ಹಕ್ಕು ಸಂವಿಧಾನ ಕೊಟ್ಟ ದಾನವಲ್ಲ, ಅದಕ್ಕೂ ಮೊದಲೇ ಇದ್ದದ್ದು ಎಂಬುದು ಅವರ ನಿಲುವು. ಬಹುಮತದಲ್ಲಿದ್ದ ನ್ಯಾಯಮೂರ್ತಿ ಎಂ.ಎಚ್. ಬೇಗ್, ಸರ್ಕಾರ ಬಂಧಿತರನ್ನು ಹೆಚ್ಚುಕಡಿಮೆ ತಾಯಿಯಂತೆ ನೋಡಿಕೊಳ್ಳುತ್ತಿದೆ ಎಂಬರ್ಥದ ಮಾತನ್ನೂ ಬರೆದರು.

ನಾಲ್ಕು ದಿನದ ನಂತರ, ಮೇ 2ರಂದು, 'ಸಂಸ್ಕಾರ' ಚಿತ್ರದ ಚಂದ್ರಿ, ನಟಿ ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಆದರೂ ಮೀಸಾ ಅವರನ್ನು ಬಿಡಲಿಲ್ಲ. ತೀವ್ರ ಆಸ್ತಮಾ ಇದ್ದ ಅವರು ಸುಮಾರು ಎಂಟು ತಿಂಗಳು ಇದೇ ಬೆಂಗಳೂರು ಜೈಲಿನಲ್ಲಿದ್ದರು. 1977ರ ಜನವರಿ 15ರಂದು ಪೆರೋಲ್ ಸಿಕ್ಕಿತು, 20ರಂದು ತೀರಿಕೊಂಡರು. 'ತಾಯಿಯಂತೆ' ಎಂಬ ಮಾತಿನ ತೂಕವನ್ನು ಈ ದಿನಾಂಕಗಳೇ ಹೇಳುತ್ತವೆ. ತುರ್ತುಪರಿಸ್ಥಿತಿಯಲ್ಲಿ ಮೀಸಾದಡಿ ಬಂಧಿತರಾದವರು 34,988 ಮಂದಿ ಎನ್ನುತ್ತದೆ ಷಾ ಆಯೋಗದ ಲೆಕ್ಕ.

ಭದ್ರತೆಯ ವಾದವನ್ನು ಸುಮ್ಮನೆ ತಳ್ಳಿಹಾಕುವುದೂ ಸರಿಯಲ್ಲ. ಯುದ್ಧದಲ್ಲಿ ಗುಪ್ತ ಮಾಹಿತಿಯನ್ನೆಲ್ಲ ಬಹಿರಂಗ ಕೋರ್ಟಿನಲ್ಲಿ ಹರಡಲಾಗದು. ಜೈಲು ಕಂಡವರೇ ಹೆಚ್ಚಿದ್ದ ಸಂವಿಧಾನ ಸಭೆಯೂ 22ನೇ ವಿಧಿಯಲ್ಲಿ ಮುಂಜಾಗ್ರತಾ ಬಂಧನಕ್ಕೆ ಜಾಗ ಕೊಟ್ಟಿತು. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಬ್ರಿಟನ್ನಿನ ಲಾರ್ಡ್ಸ್ ಸಭೆ ಲಿವರ್ಸಿಡ್ಜ್ ಪ್ರಕರಣದಲ್ಲಿ ಸಚಿವರ ಮಾತನ್ನೇ ನಂಬಿತು. ಲಾರ್ಡ್ ಅಟ್ಕಿನ್ ಒಬ್ಬರೇ ಒಪ್ಪಲಿಲ್ಲ. ಮುಂದೆ ಅಲ್ಲಿನ ನ್ಯಾಯಾಧೀಶರೇ ಆ ಬಹುಮತ ತಪ್ಪೆಂದರು. ಬಾಂಬು ಬೀಳುತ್ತಿದ್ದ ಲಂಡನ್ನಿನ ಆ ತೀರ್ಪನ್ನು ನಮ್ಮ ಸುಪ್ರೀಂ ಕೋರ್ಟ್ ಯುದ್ಧವೇ ಇಲ್ಲದ 1976ರಲ್ಲಿ ಆಸರೆಯಾಗಿ ಹಿಡಿಯಿತು. ತೊಂದರೆ ಇರುವುದು ಇಲ್ಲಿ. ಅಪಾಯ ಬಂದಾಗ ಅಧಿಕಾರ ಬೇಕು ಎನ್ನುವುದು ಒಂದು ಮಾತು. ಅಪಾಯ ಇದೆಯೋ ಇಲ್ಲವೋ ಎಂದು ಹೇಳುವ ಅಧಿಕಾರವೂ ಅದೇ ಕೈಯಲ್ಲಿರಬೇಕು, ಯಾರೂ ಪ್ರಶ್ನಿಸಬಾರದು ಎನ್ನುವುದು ಬೇರೆಯೇ ಮಾತು.

1978ರ 44ನೇ ತಿದ್ದುಪಡಿ ಪಾಠ ಕಲಿತಂತೆ ಕಂಡಿತು. 20 ಮತ್ತು 21ನೇ ವಿಧಿಗಳ ಹಕ್ಕುಗಳಿಗಾಗಿ ಕೋರ್ಟಿಗೆ ಹೋಗುವುದನ್ನು ತುರ್ತುಪರಿಸ್ಥಿತಿಯಲ್ಲೂ ತಡೆಯುವಂತಿಲ್ಲ ಎಂದಾಯಿತು. 2017ರ ಆಗಸ್ಟ್ 24ರಂದು ಎಡಿಎಂ ಜಬಲ್ಪುರದ ತೀರ್ಪೂ ಬಿದ್ದುಹೋಯಿತು. ಬೀಳಿಸಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಳೆಯ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡ್ ಅವರ ತೀರ್ಪು ತಪ್ಪೆಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.

ಕತೆ ಇಲ್ಲಿಗೆ ಸುಖಾಂತವಾಗುವುದಿಲ್ಲ. ಮೀಸಾ ಹೋಯಿತು, 1980ರಲ್ಲಿ ರಾಷ್ಟ್ರೀಯ ಭದ್ರತಾ ಕಾಯ್ದೆ ಬಂತು. ಅದರಡಿ ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಹಿಡಿದಿಡಬಹುದು, ಸಲಹಾ ಮಂಡಳಿಯ ಮುಂದೆ ವಕೀಲರನ್ನು ನಿಲ್ಲಿಸುವ ಹಕ್ಕು ಬಂಧಿತರಿಗಿಲ್ಲ. ಇದಕ್ಕೆ ಯುದ್ಧವೂ ಬೇಕಿಲ್ಲ, ತುರ್ತುಪರಿಸ್ಥಿತಿಯೂ ಬೇಕಿಲ್ಲ. ಮಂಡಳಿಯ ಒಪ್ಪಿಗೆಯಿಲ್ಲದ ಬಂಧನವನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸಲು, ಹಾಲಿ ಹೈಕೋರ್ಟ್ ನ್ಯಾಯಾಧೀಶರೇ ಮಂಡಳಿಯ ಅಧ್ಯಕ್ಷರಾಗಿರಬೇಕೆಂದು ವಿಧಿಸಲು ಅದೇ 44ನೇ ತಿದ್ದುಪಡಿಯಲ್ಲಿ 3ನೇ ಸೆಕ್ಷನ್ ಇದೆ. ಸಂಸತ್ತು ಅದನ್ನು ಅಂಗೀಕರಿಸಿದೆ. ಜಾರಿಯ ದಿನಾಂಕ ಗೊತ್ತುಮಾಡುವುದು ಕೇಂದ್ರ ಸರ್ಕಾರದ ಕೆಲಸ. ಜೈಲಿನಿಂದ ಹೊರಬಂದವರು ಪ್ರಧಾನಿಗಳಾದರು, ಮಂತ್ರಿಗಳಾದರು. ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋದವು. ಆ ದಿನಾಂಕವನ್ನು ಇಂದಿಗೂ ಯಾರೂ ಗೊತ್ತುಮಾಡಿಲ್ಲ.