ಮಡಚುವ ದೋಣಿಯ ಮಹಾಯಾನ

ಉದ್ಯೋಗವಿಲ್ಲದೆ ಬಳಲುತ್ತಿದ್ದ ಆಸ್ಕರ್ ಸ್ಪೆಕ್ ಎಂಬ ಜರ್ಮನ್ ತರುಣನು ೧೯೩೨ರಲ್ಲಿ ಡ್ಯಾನ್ಯೂಬ್ ನದಿಗೆ ಮಡಚುವ ದೋಣಿಯೊಂದನ್ನು ಇಳಿಸಿದನು. ಸೈಪ್ರಸ್ಸಿನ ತಾಮ್ರದ ಗಣಿಗಳಲ್ಲಿ ಕೆಲಸ ದೊರೆತರೆ ಸಾಕೆಂಬುದಷ್ಟೇ ಆಗ ಅವನ ಬಯಕೆ. ಹುಟ್ಟೂ ಪುಟ್ಟದೊಂದು ಹಾಯಿಯೂ ಹೊರತು ಆ ದೋಣಿಗೆ ಬೇರೆ ಬಲವಿರಲಿಲ್ಲ. ಆದರೂ ಇಂಥ ದೋಣಿಯಲ್ಲಿಯೇ, ಒಂದು ಕೆಟ್ಟರೆ ಇನ್ನೊಂದನ್ನು ತರಿಸಿಕೊಳ್ಳುತ್ತ, ಭಾರತದ ಪಶ್ಚಿಮ ತೀರವನ್ನೂ ಸಿಂಹಳವನ್ನೂ ಬರ್ಮವನ್ನೂ ಕಳೆದು ಡಚ್ಚರ ಪೂರ್ವದ್ವೀಪಗಳನ್ನು ಸೇರಿದನು.

ಅಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಲು ಕೆಲವೊಮ್ಮೆ ಹಗಲಿರುಳೂ ಕುಳಿತಲ್ಲೇ ಹುಟ್ಟು ಹಾಕಬೇಕಾಗುತ್ತಿತ್ತು. ಕಣ್ಣು ಮುಚ್ಚಿದರೆ ದೋಣಿ ಮಗುಚುವ ಭಯ. ಮೇಲೆ ಮಲೇರಿಯಾ ಜ್ವರದ ಕಾಟ. ಅನೇಕ ಕಡೆ ಜನರು ಅವನನ್ನು ಆದರಿಸಿದರು. ಲಾಕೋರ್ ದ್ವೀಪದಲ್ಲಿ ಮಾತ್ರ ಇರುಳಲ್ಲಿ ಕಟ್ಟಿಹಾಕಿ ಹೊಡೆದರು. ಕಿವಿಯ ತಮಟೆ ಹರಿಯಿತು. ಇದು ಅವನೇ ಹೇಳಿದ ವೃತ್ತಾಂತ; ಕರೆಯದೆ ಬಂದಿಳಿದ ಬಿಳಿಯನು ಆ ದ್ವೀಪದವರ ಕಣ್ಣಿಗೆ ಯಾರಾಗಿ ಕಂಡನೋ! ಹೇಗೋ ಕಟ್ಟು ಬಿಡಿಸಿಕೊಂಡು ದೋಣಿಯೊಡನೆ ಪಾರಾದನು.

ಡಚ್ ಅಧಿಕಾರಿಗಳು ನೇರದಾರಿಗೆ ಅನುಮತಿ ಕೊಡದೆ, ನ್ಯೂಗಿನಿಯ ಉತ್ತರ ತೀರವನ್ನು ಸುತ್ತಿ ಹೋಗುವಂತೆ ವಿಧಿಸಿದರು. ಆ ಸುತ್ತೇ ಅವನಿಗೆ ಮುಳುವಾಯಿತು. ೧೯೩೯ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಕ್ಕೆ ಸೇರಿದ ಸೈಬಾಯ್ ದ್ವೀಪವನ್ನು ಮುಟ್ಟುವಷ್ಟರಲ್ಲಿ ಯುದ್ಧವು ಆರಂಭವಾಗಿತ್ತು. ದಡದಲ್ಲಿದ್ದ ಪೋಲೀಸರು ಅವನ ಸಾಹಸವನ್ನು ಅಭಿನಂದಿಸಿ, ಒಡನೆಯೇ ಶತ್ರುದೇಶದವನೆಂದು ಸೆರೆಹಿಡಿದರು. ಏಳು ವರ್ಷಗಳಲ್ಲಿ ಸುಮಾರು ೫೦,೦೦೦ ಕಿಲೋಮೀಟರು ಸಾಗಿ ಬಂದವನು ಯುದ್ಧಕಾಲವನ್ನು ಕಾವಲಿನಲ್ಲಿ ಕಳೆಯಬೇಕಾಯಿತು. ಬಿಡುಗಡೆಯಾದ ಮೇಲೆ ಓಪಲ್ ರತ್ನಗಳನ್ನು ಸಾಣೆಹಿಡಿಯುವ ಕಸುಬನ್ನು ಹಿಡಿದು ಆಸ್ಟ್ರೇಲಿಯದಲ್ಲಿಯೇ ನೆಲೆಸಿದನು.